ಹಂಸಪಾದ

ಬೆಳಗಿನ ರೇಡಿಯೋದಲ್ಲಿ ಮತ್ತೊಬ್ಬ ಮಂತ್ರಿಯ ರಾಜೀನಾಮೆ.
ಎಷ್ಟನೆಯವನೋ, ಎಣಿಸುವುದು ಬಿಟ್ಟಿದ್ದೇನೆ.
'ತಪ್ಪುಗಳಾದವು' ಎಂದ. ಮಳೆಯಾಯಿತು, ಬೆಳಗಾಯಿತು ಅಂದ ಹಾಗೆ.
ಮಾಡಿದವರು ಯಾರೂ ಇಲ್ಲ ಆ ವಾಕ್ಯದಲ್ಲಿ.

ನಾನು ಎಣಿಸುವುದು ಅಕ್ಷರಗಳನ್ನು.
ಒಂದಕ್ಕೆ ಐದು ಪೌಂಡು, ಬಣ್ಣ ತುಂಬಿದರೆ ಆರು,
ಶಿಲುಬೆಗೆ ದುಡ್ಡಿಲ್ಲ. ಅದು ಅಪ್ಪನ ಕಾಲದ ಕಟ್ಟಳೆ.
ಹೆಕ್ಸಮ್‌ನಿಂದ ಎಂಟು ಮೈಲಿ, ಕುರಿಗೋಡೆಗಳ ನಡುವೆ
ಒಂದು ಕೊಟ್ಟಿಗೆ, ಸ್ಲೇಟು, ಮರಳುಗಲ್ಲು, ಮೂಗಿನ ತುಂಬ ಧೂಳು.
ಸತ್ತವರ ಹೆಸರು ಕೆತ್ತಿ ಬದುಕುವ ಎಡ್ವಿನ್ ಥರ್ಲ್‌ವೆಲ್
ಹಳೆಯ ಕಾಲದವನು ಅನ್ನುತ್ತಾರೆ. ಹೌದು.
ಗೋರಿಕಲ್ಲಿನವನು ಹೊಸ ಕಾಲದವನಾದರೆ
ಗಿರಾಕಿ ಹೆದರಬೇಕು.

ಕಳೆದ ವಾರ ಒಬ್ಬಾಕೆ ಬಂದಳು, ಗಂಡನ ಕಲ್ಲಿಗೆ.
'ಸತ್ತ' ಬೇಡವಂತೆ. ಇನ್ನೊಂದು ಊರಿಗೆ ಹೊರಟವನ ಹಾಗೆ
ಏನಾದರೂ ಮೆತ್ತಗೆ ಬರೆಯಬೇಕಂತೆ.
ನಮ್ಮ ಭಾಷೆಯಲ್ಲಿ 'ಸತ್ತ' ಅನ್ನಲು ನಾಲ್ಕೇ ಅಕ್ಷರ,
ಆಕೆ ಇಪ್ಪತ್ತೆರಡು ಕೊಂಡಳು.
'ಸುಳ್ಳು ಯಾವಾಗಲೂ ತುಟ್ಟಿ'
ಎಂದು ಚೀಟಿಯಲ್ಲಿ ಗೀಚಿಕೊಂಡೆ, ಹೆಮ್ಮೆಯಿಂದ.
ಆಮೇಲೆ ನೆನಪಾಯಿತು:
ಆಕೆಯ ಕೋಟಿನ ಗುಂಡಿಗಳು ಒಂದೊಂದು ಕಾಜ ಮೇಲಕ್ಕೆ ಸಿಕ್ಕಿದ್ದವು,
ಕೊರಳಿನಿಂದ ಮೊಣಕಾಲ ತನಕ.
ಚೀಟಿ ಹರಿದೆ.

ನ್ಯೂಕ್ಯಾಸಲ್ಲಿನ ಗ್ಯಾಲರಿಯಲ್ಲಿ ಖಾಲಿ ಕಲ್ಲೊಂದನ್ನು ನಿಲ್ಲಿಸಿದ್ದಾರೆ.
ಹೆಸರು 'ಮೌನ'. ಅದರ ಬಗ್ಗೆ ನಲವತ್ತು ಪುಟದ ಪುಸ್ತಕ.
ನನ್ನ ಹಿತ್ತಲಲ್ಲಿ ಅಂಥವು ಮೂವತ್ತಿವೆ,
ನೆನೆಯುತ್ತಿವೆ, ಟಿಕೆಟ್ಟಿಲ್ಲದೆ.

ಸಂತ ಓಸ್ವಿನ್‌ನ ಚರ್ಚು ಮಾರಾಟಕ್ಕಿದೆ.
ಕೊಳ್ಳುವವರು ಗೋಡೆ ಹತ್ತುವ ಆಟದಮನೆ ಮಾಡುತ್ತಾರಂತೆ.
ಸಭೆಯಲ್ಲಿ ಎದ್ದು ಹೇಳಿದೆ:
'ಮೇಲೆ ಹತ್ತಲಿಕ್ಕೇ ಕಟ್ಟಿದ್ದು ಅದನ್ನು, ಹಗ್ಗವಿಲ್ಲದೆ.'
ಎಲ್ಲರೂ ನಕ್ಕರು. ನಾನು ನಗಿಸಲು ಎದ್ದಿರಲಿಲ್ಲ.
ಆದರೆ ಇದನ್ನೂ ಹೇಳಬೇಕು:
ಹೋದ ಚಳಿಗಾಲ ಭಾನುವಾರದ ಪ್ರಾರ್ಥನೆಗೆ ಏಳು ಜನ,
ಏಳನೆಯವನಾಗಿ ನಾನು ಹೋದದ್ದು ಮೂರು ಸಲ.
ಮಂಡಿನೋವು ಎಂದಿದ್ದೆ ಪಾದ್ರಿ ಹೆಸ್ಟರಮ್ಮನಿಗೆ.
ಉಳಿಯಲಿ, ಉಳಿಯಲಿ ಎಂದು ಉಳಿ ಹಿಡಿದು ಕೂಗುವವನ
ಬೆಂಚಿನ ಮೇಲೂ ಧೂಳಿತ್ತು.

ಆಕೆಯೇ ಕಳಿಸಿದ್ದು ನನ್ನನ್ನು ಸಮಾಧಿಗಳ ಪಟ್ಟಿ ಮಾಡಲು,
ಮಾರುವ ಮುನ್ನ. ಉತ್ತರದ ಗೋಡೆಯ ಬದಿ,
ಕುರಿ ಮೈಯುಜ್ಜಿ ಉಜ್ಜಿ ನುಣುಪಾದ ಒಂದು ಕಲ್ಲು.
ಪಾಚಿ ಕೆರೆದೆ. ಸಾವಿರದ ಏಳುನೂರ ನಲವತ್ತೊಂದು.
ಟಾಮರ್ ರಿಡ್ಲಿ, ವಯಸ್ಸು ಹತ್ತೊಂಬತ್ತು.
'ಸತ್ತಳು' ಎಂದೇ ಇತ್ತು, ಆಳವಾಗಿ.
ಸಾಲಿನ ಕೆಳಗೆ ಹಕ್ಕಿ ನಡೆದ ಗುರುತಿನ ಹಾಗೆ
ಒಂದು ಹಂಸಪಾದ,
ಮೇಲೆ ಇಕ್ಕಟ್ಟಿನಲ್ಲಿ, ಇರುವೆಯಷ್ಟು ಅಕ್ಷರ:
ಮತ್ತು ಅವಳ ಮಗು.

ಮರೆತಿದ್ದ.
ಕಲ್ಲು ತಿರುಗಿಸಿ ಹಿಂಬದಿಗೆ ಹೊಸದಾಗಿ ಕೆತ್ತಬಹುದಿತ್ತು,
ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ, ರಾತ್ರಿ ಕೂತು.
ಅವನು ಮರೆವನ್ನೂ ಬಿಟ್ಟ, ಮಗುವನ್ನೂ ಸೇರಿಸಿದ.
ಆ ಅಪ್ಪ ಬಂದು ನೋಡಿ ಏನಂದನೋ.
ಇನ್ನೂರೆಂಬತ್ತು ಚಳಿಗಾಲದ ಮಂಜು
ದೊಡ್ಡ ಅಕ್ಷರಗಳ ಅಂಚು ತಿಂದಿದೆ,
ಆ ಸಣ್ಣವನ್ನು ಮುಟ್ಟಿಲ್ಲ.

ಮಂಡಿಯೂರಿಯೇ ಓದಬೇಕು ಅದನ್ನು. ಊರಿದೆ.
ನೋಯಿತು, ಸುಳ್ಳಲ್ಲ.
ನಾನು ಕಾಪಾಡಬೇಕೆಂದು ಹಾರಾಡಿದ್ದ ಹಳತಿನೊಳಗೆ
ತಿದ್ದುಪಡಿಯೂ ಇತ್ತು, ಯಾರೂ ನನಗೆ ಹೇಳಿರಲಿಲ್ಲ.
ಅಥವಾ ಅಪ್ಪ ಹೇಳಿದ್ದನೋ,
ಕಸುಬಿನ ಮಾತೆಂದು ಬಿಟ್ಟೆನೋ.

ಈ ಬೆಳಿಗ್ಗೆ ಆಕೆಯ ಗಂಡನ ಕಲ್ಲು ಶುರು ಮಾಡಿದೆ.
ಆಕೆ ಕೇಳಿದ ಇಪ್ಪತ್ತೆರಡು ಅಕ್ಷರವೂ, ಒಂದೂ ಬಿಡದೆ.
ಸಾಲುಗಳ ನಡುವೆ ಮಾತ್ರ
ಒಂದು ಬೆರಳಗಲ ಹೆಚ್ಚು ಜಾಗ ಇಟ್ಟಿದ್ದೇನೆ.
ಲೆಕ್ಕಕ್ಕೆ ಹಿಡಿದಿಲ್ಲ.