ಚಿಲ್ಲರೆ

ಕೂಸುಗಳಿಗೆ ಎರದು ಎರದು ಸವದ ಕೈ ಇವು.
ರಾಯಚೂರಾಗ, ಮಾವಿನಕೆರಿ ಈ ದಂಡಿ ಆ ದಂಡಿ,
ನನ್ನ ಕಾಲ ಮ್ಯಾಲ ಬೋರಲ ಬೀಳದ ಮಂದಿ ಕಡಿಮಿ.
ಈಗಿನ ಬಾಣಂತ್ಯಾರಿಗೆ ಸೀಸಿ ಎಣ್ಣಿ ಸಾಕು,
ಹಂಪಮ್ಮನ ಕೈ ಬ್ಯಾಡ.
ಮುದುಕರು ಕರೀತಾರ. ಹೊಕ್ಕೀನಿ.

ಕೂಸಿನ ಮೈ ತಿಕ್ಕಿದಂಗೆಲ್ಲ ಕೂಡಿಕೊಂತ ಬರತೈತಿ.
ಮುದುಕರದು ಹಂಗಲ್ಲ,
ಕಟ್ಟಿದ್ದು ಬಿಚ್ಚಬೇಕು,
ಒಳಗೇನೈತಿ ಅಂತ ಕೇಳಬಾರದು.

ಕಂಡಕ್ಟರ್ ಅಮರಗುಂಡಪ್ಪಗ ಎಪ್ಪತ್ತಾರು.
ಮೂರು ತಿಂಗಳಾತು, ನಿದ್ದಿಲ್ಲ.
ಬಿಪಿ ಗುಳಿಗಿ, ಅದರ ಮ್ಯಾಲ ಇನ್ನೊಂದು ಗುಳಿಗಿ.
ದೊಡ್ಡಾಸ್ಪತ್ರಿಯ ಸಣ್ಣ ಡಾಕ್ಟರಮ್ಮ
"ಕಣ್ಣು ಮುಚ್ಚರಿ, ಮೆತ್ತಗ ಉಸಿರು ಬಿಡ್ರಿ" ಅಂದ್ಲಂತ.
"ಬಿಡೂದು ಇದ್ದಽ ಐತಿ ತಾಯಿ, ಅವಸರೇನು"
ಅಂದು ಎದ್ದು ಬಂದಾನ.

ಪಾರ್ವತೆಮ್ಮ ಬಾಗಲದಾಗ ಕುಂತು ತೊಗರಿಕಾಯಿ ಸುಲೀತಿದ್ಲು.
ಕುಸುಬಿ ಎಣ್ಣ್ಯಾಗ ಬಳ್ಳೊಳ್ಳಿ, ಅಜವಾನ ಕಾಸಿ
ಬೆನ್ನಿಗೆ ಕೈ ಇಟ್ಟೆ.
ಇಟ್ಟ ಕೂಡಲೇ ತಿಳೀತು, ಇದು ಬೆನ್ನಲ್ಲ,
ಲಿಂಗಸೂಗೂರಿನ ರಸ್ತಾ.

ಎಡಭುಜದಾಗ ಚೀಲದ ಪಟ್ಟಿ ಕೊರದ ತಗ್ಗು.
ಬಲಗೈ ಹೆಬ್ಬೆರಳು ತಾನಽ ಮಡಚತೈತಿ,
ಇನ್ನೂ ಟಿಕೀಟು ಹರಿಯಾಕ.
ಮೆತ್ತನ್ನ ಹಾಸಿಗಿ ಮ್ಯಾಲ ಮಲಗಿದ್ದರೂ
ನಿಂತಽ ಇತ್ತು ಆ ಮೈ,
ಕಂಬಿ ಹಿಡಕೊಂಡು.

ಕುತ್ತಿಗಿ ಒತ್ತಿದೆ. "ಕಲ್ಲೂರು" ಅಂದ.
ರಟ್ಟಿ ಸಂದ್ಯಾಗ, "ಸಿರವಾರ, ಸಿರವಾರ ಇಳಿಯೋರು".
ಪಾರ್ವತೆಮ್ಮ ನಕ್ಕಳು. ನಾನೂ ನಕ್ಕೆ.
ನಡುಕ್ಕ ಬಂದಾಗ ಕವಿತಾಳ.
ಅಲ್ಲಿ ನಿಂತುಬಿಡ್ತು ಬಸ್ಸು.
ಕಲ್ಲಿನಂಥ ಗಂಟು,
ಒತ್ತಿದಷ್ಟು ಬಿಗೀತೈತಿ, ಎಣ್ಣಿ ಕುಡಿಯೂದಿಲ್ಲ.

ಬೋರಲ ಮಲಗಿದಾಂವ ದಿಂಬಿಗೆ ಹೇಳಿದ:
"ಜ್ವಾಳದ ಸುಗ್ಗಿ ದಿನ. ಬಸ್ ತುಂಬಿತ್ತು.
ಹಸರು ಸೀರಿಯಾಕಿ, ಕಂಕುಳಾಗ ಜ್ವರದ ಕೂಸು.
ಏಳು ರೂಪಾಯಿ ಬಾಕಿ ಅಂತ ಟಿಕೀಟಿನ ಹಿಂದ ಬರದು ಕೊಟ್ಟೆ.
ಕವಿತಾಳದಾಗ ಇಳದು ಆಸ್ಪತ್ರಿ ಕಡೆ ಓಡಿದ್ಲು.
ಕೂಗಿದೆ. ಗಾಡಿ ಬಿಟ್ಟಿತ್ತು.
ನಾನಽ ಸೀಟಿ ಊದಿದ್ದೆ."

ಮೂವತ್ತು ವರ್ಷ.
ಡಿಪೋದ ಲೆಕ್ಕದಾಗ ಒಂದು ಪೈಸಾ ತಪ್ಪಿಲ್ಲಂತ.
ರಾತ್ರಿ ಎಣಿಸಿದರ ಮಾತ್ರ
ಏಳು ರೂಪಾಯಿ ಹೆಚ್ಚು ಬರತಾವಂತ.

ನಾ ಕೈ ತಗೀಲಿಲ್ಲ.
"ಯಣ್ಣ, ಅಕಿ ನಾನಽ" ಅಂದೆ.
ಬಾಳ ಹೊತ್ತಿಗೆ ಕೇಳಿದ, "ಕೂಸು?"
"ಉಳೀತು. ಈಗ ಅದಕ್ಕಽ ಎರಡು ಕೂಸು.
ನಾನಽ ಎರದೀನಿ."

ಪಾರ್ವತೆಮ್ಮನ ಕೈಯಾಗಿನ ಕಾಯಿ ಅಲ್ಲೇ ನಿಂತಿತು.
ನನ್ನ ಹೊಟ್ಟಿಲೆ ಒಂದೂ ಹುಟ್ಟಿಲ್ಲ, ಅಕಿಗೆ ಗೊತ್ತು.
ಕವಿತಾಳ ನಾ ಕಣ್ಣಿಲೆ ಕಂಡಿಲ್ಲ.
ಅಂವಗೂ ಗೊತ್ತಿತ್ತೇನೋ.
ಎಣ್ಣಿ ಬೆನ್ನಿಲೆ ಎದ್ದು ಕುಂತು
ಗೂಟದ ಅಂಗಿ ಎಳದು ಕಿಸೆ ತಡವಿ
ಐದರದೊಂದು, ಎರಡರದೊಂದು
ನನ್ನ ಜಿಡ್ಡು ಅಂಗೈಯಾಗ ಇಟ್ಟು
ಬೆರಳು ತಾನಽ ಮಡಚಿದ.

ಮತ್ತ ಮಲಗಿಸಿದೆ.
ಗಂಟು ಇತ್ತು. ಆದರ ನೆನೆ ಹಾಕಿದ ಕಡ್ಲಿಯಂಗ.
ಲಿಂಗಸೂಗೂರು ಬರೂದರಾಗ ಗೊರಕಿ.

ಕೂಸು ಮಲಗಿದ ಮ್ಯಾಲ
ಕೈ ಒಮ್ಮಿಗೇ ತಗೀಬಾರದು, ಎಚ್ಚರಾಗತೈತಿ.
ಹಿಮ್ಮಡ ಹಿಡಕೊಂಡು ಕುಂತೆ.
ಪಾರ್ವತೆಮ್ಮ ಬುಟ್ಟಿ ಸಮೇತ ಮಗ್ಗಲಕ ಬಂದು
ಏನೂ ಅನ್ನದ
ಎರಡು ಹಸಿಕಾಳು ನನ್ನ ಬಾಯಾಗ ಹಾಕಿದ್ಲು.

ಆ ಏಳು ರೂಪಾಯಿ
ಇನ್ನೂ ನನ್ನ ಸೆರಗಿನ ತುದ್ಯಾಗ ಗಂಟಾಗಿ ಅದಾವ.
ಖರ್ಚು ಮಾಡಾಕ ಬರಂಗಿಲ್ಲ,
ಅವು ಅಕಿವು.