ಏಳು ಮೂರರ ಲೆಕ್ಕ

ಹುಣಸೂರಿನ ಅರಣ್ಯ ಕಚೇರಿಯಲ್ಲಿ ನಾನು ಬರೆಯುವ ಗುಮಾಸ್ತ.
ಕಿಟಕಿಯಾಚೆ ತೇಗದ ದಿಮ್ಮಿ, ಗರಗಸದ ಪುಡಿ,
ಕಿಟಕಿಯೀಚೆ ಮೂವತ್ತೊಂದು ಅರ್ಜಿ,
ಹತ್ತು ಕಡವೆ.
ಮೈಸೂರಿಂದ ಹುಕುಂ ಬಂದಿದೆ:
ರಾಜ್ಯದ ನಿವಾಸಿಗಳಿಗೆ ಏಳು, ಹೊರಗಿನವರಿಗೆ ಮೂರು.
ಕಡವೆಯನ್ನು ನಾನು ಜೀವಂತ ಕಂಡದ್ದು ಒಂದೇ ಸಲ,
ಮಾನಂದವಾಡಿ ರಸ್ತೆಯಲ್ಲಿ ಬಸ್ಸು ಕೆಟ್ಟಾಗ.
ಅದು ನನ್ನನ್ನು ನೋಡಿತು. ನಾನು ಕಂಡಕ್ಟರನ್ನು ನೋಡಿದೆ.

ನಿವಾಸಿಗೆ ನೀಲಿ ಮಸಿ, ಹೊರಗಿನವರಿಗೆ ಕೆಂಪು.
ನೀಲಿಗೆ ಹತ್ತು ರೂಪಾಯಿ, ಕೆಂಪಿಗೆ ಎಪ್ಪತ್ತೈದು.
"ಕೆಂಪು ಇಲ್ಲದಿದ್ರೆ ಗಾರ್ಡುಗಳಿಗೆ ಸಂಬಳ ಎಲ್ಲಿಂದ ಕೊಡ್ಲಿ?"
ರೇಂಜರು ಪಿಸುಗುಡುವರು, ನೀಲಿಯವರು
ಜಗಲಿಯಲ್ಲಿ ಬೀಡಿ ಸೇದುತ್ತಿರುವಾಗ.

ಪಿರಿಯಾಪಟ್ಟಣದ ಕಡೆಯ ಪಟೇಲ ಸಿದ್ಲಿಂಗೇಗೌಡರು ಮೇಜು ಕುಟ್ಟಿದರು:
"ರಾಗಿ ಮೇಯೋದು ನಮ್ಮ ಹೊಲದಲ್ಲಿ,
ಅಟ್ಟಣೆ ಮೇಲೆ ನಿದ್ದೆಗೆಡೋದು ನಮ್ಮ ಮಕ್ಕಳು,
ಕೊಂಬು ಮಾತ್ರ ಊಟಿ ಬಂಗಲೆ ಗೋಡೆಗಾ?"
ನೀಲಗಿರಿಯ ಟೀ ತೋಟದ ದೊರೆ ಕೂರಲಿಲ್ಲ.
ಹ್ಯಾಟಿನ ಒಳಗಂಚು ಒರೆಸಿಕೊಳ್ಳುತ್ತ ಹೇಳಿದ,
ಕಾಡೇನು ಪಟೇಲರ ಹಿತ್ತಿಲೇ ಅಂತ,
ಇಂಗ್ಲಿಷಿನಲ್ಲಿ. ನಾನು ಕನ್ನಡಕ್ಕೆ ತರಲಿಲ್ಲ.
ಬ್ಲಾಟಿಂಗ್ ಪೇಪರು ಹುಡುಕಿದೆ.

ಕುಟ್ಟದ ಬೆಳ್ಯಪ್ಪನವರು ಒಂಬತ್ತು ವರ್ಷ ಕೆಂಪು.
ಅವರ ಕಾಫಿ ತೋಟದ ಬೇಲಿ ಮುಗಿದಲ್ಲಿ ನಮ್ಮ ಕಾಡು ಶುರು,
ಆದರೂ ಹೊರಗಿನವರು, ಎಪ್ಪತ್ತೈದು ಎಣಿಸುವರು,
ಐವತ್ತಾರರ ನವೆಂಬರಿನ ತನಕ.
ಆಮೇಲೆ ಒಂದು ಸೋಮವಾರ ಬಂದರು, ಕೈಯಲ್ಲಿ ಹತ್ತರ ಒಂದೇ ನೋಟು:
"ನಾನು ಹೆಜ್ಜೆ ಕಿತ್ತಿಲ್ಲ ಗುಮಾಸ್ತರೇ, ಗಡಿಯೇ ಎದ್ದು ಹೋಯ್ತು."
ಅವರ ಹೆಸರನ್ನು ನೀಲಿಯಲ್ಲಿ ಬರೆದೆ, ಕೈ ತಡೆಯಿತು ಒಂದಿಷ್ಟು.
ಮರುವರ್ಷ ಅವರದೇ ದೊಡ್ಡ ದನಿ:
"ಹೊರಗಿನವರಿಗೆ ಮೂರು ಯಾಕೆ? ಎರಡು ಸಾಕಲ್ಲ?"

ಇಷ್ಟು ಹೊತ್ತೂ ಹುಣಸೆ ಮರದ ಬುಡದಲ್ಲಿ ಕೂತಿದ್ದ ಬೊಳ್ಳ,
ಜೇನುಕುರುಬರವನು.
ಹೆಜ್ಜೆ ಹಿಡಿಯಲು ನೀಲಿಗೂ ಅವನೇ, ಕೆಂಪಿಗೂ ಅವನೇ,
ದಿನಕ್ಕೆ ಎಂಟಾಣೆ, ಕರುಳು ಅವನ ಪಾಲು.
ಮಾತಿಗೆ ಕೇಳಿದೆ: ನೀನು ಅರ್ಜಿ ಹಾಕಿದ್ರೆ ಯಾವ ಮಸಿ?
ನಮೂನೆಯಲ್ಲಿ ವಾಸಸ್ಥಳ ಅಂತ ಒಂದು ಕಲಮು,
ಮೂರು ವರ್ಷದ ಕಂದಾಯದ ರಸೀತಿ ಲಗತ್ತಿಸಬೇಕು.
"ಹಾಡಿ ಮೂರು ಸಲ ಕಿತ್ತಿದ್ದೀರಿ ಬುದ್ದಿ," ಅಂದ, "ಯಾವುದರದ್ದು ತರಲಿ?"
ಇಲಾಖೆ ಅಂದರೆ ನಾನೇ, ಅವನ ಲೆಕ್ಕದಲ್ಲಿ.

ಆಮೇಲೆ ಅವನೇ ಕೇಳಿದ: "ಎಷ್ಟು ಹಂಚ್ತಾ ಇದ್ದೀರಿ?"
ಹತ್ತು.
ಬೆರಳು ಮಡಚಿದ. ಕೆರೆ ಅಂಚಿನದು. ಕಿವಿ ಹರಿದದ್ದು.
ಬಿದಿರ ಮೆಳೆಯಲ್ಲಿ ಅಣ್ಣತಮ್ಮ ಎರಡು.
ಉಪ್ಪು ನೆಕ್ಕಲು ಬರುವ ಮುದಿಯ. ಕುಂಟ.
ಅಲ್ಲಿಗೆ ನಿಂತಿತು.
ಎಡಗೈ ಪೂರ್ತಿ, ಬಲಗೈಯ ಹೆಬ್ಬೆರಳು.

ಏಳನ್ನೂ ಮೂರನ್ನೂ ಮತ್ತೆ ಕೂಡಿದೆ, ಹತ್ತೇ ಬಂತು.
ಮಂಜೂರಾದದ್ದು ಹತ್ತು, ಮೊಹರು ಬಿದ್ದದ್ದು ಹತ್ತು.
ಆರು ಅಂತ ತಿಳಿಸಲು ಯಾವ ನಮೂನೆಯೂ ಇಲ್ಲ; ಇದ್ದರೂ
ನನಗೆ ಬರುವ ಜೂನಿಗೆ ಬಡ್ತಿ ಇತ್ತು.

ಹೊರಡುವಾಗ ಬೊಳ್ಳ ಬಾಗಿಲಲ್ಲಿ ನಿಂತು ಗೋಡೆ ನೋಡಿದ.
ಯಾವುದೋ ಸಾಹೇಬರು ಬಿಟ್ಟುಹೋದ ಕೊಂಬಿನ ಜೋಡಿ,
ಅದರ ಎಡಗವಲಿಗೆ ನನ್ನ ಛತ್ರಿ, ಬಲಕ್ಕೆ ಊಟದ ಚೀಲ.
"ಇವ ತಾರಕದ ಹಳ್ಳದವನು," ಅಂದ, ಸುಮ್ಮನೆ,
ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರನ್ನು ತೋರಿಸುವ ಹಾಗೆ.

ಕೆಂಪು ಮಸಿ ಒಣಗುತ್ತಿತ್ತು, ಮುಚ್ಚಳ ಹಾಕಿದೆ.
ಊಟದ ಚೀಲ ಈಗಲೂ ಅಲ್ಲೇ, ಬೇರೆ ಮೊಳೆ ಇಲ್ಲ.
ಛತ್ರಿಯನ್ನು ಮಾತ್ರ ಮೂಲೆಯಲ್ಲಿ ನಿಲ್ಲಿಸುತ್ತೇನೆ.