ಸಿಹಿನೀರಿನ ಟ್ಯಾಂಕರು

ರುಸೈಲಿನ ಕ್ಯಾಂಪಿನ ಹಿಂದೆ
ಟೈರಿನ ಗಾಳಿ ಇಳಿದು ನಿಂತಿದೆ ನನ್ನ ನೀಲಿ ಟ್ಯಾಂಕರು.
ಮೈಮೇಲೆ ಅರಬಿಯಲ್ಲಿ ಬರೆದಿದೆ: ಸಿಹಿನೀರು.
ಅಷ್ಟು ಅರಬಿ ನನಗೂ ಓದಲು ಬರುತ್ತದೆ,
ಹನ್ನೊಂದು ವರ್ಷ ಅದನ್ನೇ ಬೆನ್ನಿಗೆ ಕಟ್ಟಿಕೊಂಡು
ಮಸ್ಕತ್ತಿನ ಓಣಿ ಓಣಿ ತಿರುಗಿದವನು.

ಇದು ಸಂಬಳವಿಲ್ಲದ ಏಳನೆಯ ತಿಂಗಳು.
ಮುದೀರ ಫೋನು ಎತ್ತುವುದಿಲ್ಲ.
ಕರೆಂಟು ಹೋಗಿ ಹದಿನೆಂಟು ದಿನ;
ರಾತ್ರಿ ಮಾಳಿಗೆಯ ಮೇಲೆ ಒದ್ದೆ ಲುಂಗಿ ಹೊದ್ದು ಮಲಗುತ್ತೇವೆ ಒಂಬತ್ತು ಮಂದಿ.
ಸಮುದ್ರದ ಕಡೆಯಿಂದ ಬರುವುದು ಗಾಳಿಯಲ್ಲ, ಯಾರದೋ ಬಿಸಿಯುಸಿರು.
ಬೆಳಗಾಗುವುದರೊಳಗೆ ಲುಂಗಿ ಒಣಗಿ ಹಪ್ಪಳ.

ಕರ್ತನೇ,
ಬೆಟಗೇರಿಯ ಮಿಶನ್ ಕಂಪೌಂಡಿನಲ್ಲಿ ಅವ್ವ ಕಲಿಸಿದ ಪ್ರಾರ್ಥನೆಯಲ್ಲಿ
ದಿನದ ರೊಟ್ಟಿಯ ಮಾತಿದೆ,
ತಿಂಗಳ ಸಂಬಳದ ಮಾತಿಲ್ಲ.
ಅದು ಈಗ ಗಮನಕ್ಕೆ ಬರುತ್ತಿದೆ.

ಮೊನ್ನೆ ಫೋರ್ಮನ್ ಕೋಶಿ ಬಂದ,
ಕೊರಳಲ್ಲಿ ನಿನ್ನದೇ ಶಿಲುಬೆ.
"ಟೈರು ನಾನು ಕೊಡಿಸುತ್ತೇನೆ, ಶಾಂತಕುಮಾರ.
ಬರ್ಕಾದ ಆಚೆ ಒಂದು ಸವಳು ಬಾವಿ ಇದೆ, ಕಾವಲಿಲ್ಲ.
ರಾತ್ರಿ ತುಂಬು, ಬೆಳಗ್ಗೆ ಸುರಿ.
ಸಿಹಿನೀರೆಂದು ಬರೆದೇ ಇದೆಯಲ್ಲ,
ನೀನು ಬಾಯಿಬಿಟ್ಟು ಸುಳ್ಳು ಹೇಳಬೇಕಿಲ್ಲ."
ಟ್ರಿಪ್ಪಿಗೆ ಹದಿನೈದು ರಿಯಾಲು, ಕೈಮೇಲೆ.

ಮನಸ್ಸು ಎಷ್ಟು ಚುರುಕು ನೋಡು,
ಆಗಲೇ ಗುಣಿಸಿ ಮುಗಿಸಿತ್ತು:
ಮಗಳ ನರ್ಸಿಂಗ್ ಫೀಸು, ಕೃಪಾವತಿ ಅಡವಿಟ್ಟ ಬೆಂಡೋಲೆ,
ಅಂಗಡಿಯ ಉದ್ರಿ.
ಆ ಹೊತ್ತಿನಲ್ಲಿ ನೆನಪಾದದ್ದು ನೀನಲ್ಲ, ಕ್ಷಮಿಸು.
ಸೀಬಿನ ಆ ಮುದುಕಿ:
ನಾನು ಪೈಪು ಜೋಡಿಸಿದಾಗೆಲ್ಲ
ಮೊದಲ ಲೋಟ ನನಗೇ ಹಿಡಿದು
ನಾನು ಕುಡಿಯುವ ತನಕ ತಾನು ಕುಡಿಯದೆ ನಿಲ್ಲುವವಳು.

"ಬೇಡ" ಅಂದೆ.
ಧೈರ್ಯದಿಂದಲ್ಲ. ನಾಲಗೆ ಒಣಗಿತ್ತು, ಉದ್ದ ಮಾತು ಬರಲಿಲ್ಲ.

ಆ ರಾತ್ರಿ ಫೋನಿನಲ್ಲಿ ಕೃಪಾವತಿ ಅತ್ತಳು, ಬೈದಳು,
"ನಿಮ್ಮ ದೇವರಿಗೆ ನಮ್ಮ ಒಲಿ ಕಾಣಸೂದಿಲ್ಲೇನ್ರೀ?"
ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ.
"ಆ ಸವಳ ನೀರ ಮಾತ್ರ ತುಂಬಬ್ಯಾಡ್ರಿ" ಅಂದಳು.
ಅಷ್ಟಕ್ಕೆ ಕಾರ್ಡು ತೀರಿತು.

ಶುಕ್ರವಾರ, ಇಲ್ಲಿ ಅದೇ ನಮ್ಮ ಭಾನುವಾರ.
ಅರ್ಧ ದಾರಿ ನಡೆದು, ಅರ್ಧ ಸಿಮೆಂಟಿನ ಲಾರಿಯಲ್ಲಿ, ಘಾಲಾದ ಚರ್ಚಿಗೆ.
ಮಲಯಾಳದ ಆರಾಧನೆ ಮುಗಿದು ತಮಿಳಿನದು ಶುರುವಾಗುವ ನಡುವೆ
ಹಿಂದಿನ ಹಾಲಿನಲ್ಲಿ ನಮ್ಮ ಕನ್ನಡಕ್ಕೆ ಒಂದು ತಾಸು.
ಮೂವತ್ತು ಜನ, ಒಂದು ಉಸಿರುಗಟ್ಟುವ ಹಾರ್ಮೋನಿಯಂ.
ಕಾಣಿಕೆಯ ಚೀಲ ಬಂತು.
ಮುಷ್ಟಿ ಒಳಗಿಟ್ಟು ಬಿಚ್ಚಿದೆ. ಏನೂ ಬೀಳಲಿಲ್ಲ.
ಪಕ್ಕದವರ ಕಣ್ಣಿಗೆಂದೇ ಮಾಡಿದ ನಾಟಕ ಅದು,
ಆದರೂ ಹೊರಬಂದ ಕೈ
ಏನೋ ಕೊಟ್ಟುಬಿಟ್ಟಂತೆ ಹಗುರ.

ನಂಬಿಕೆಯೋ ಮೊಂಡುತನವೋ,
ಒಂದೊಂದು ರಾತ್ರಿ ಬಿಡಿಸಿ ನೋಡುತ್ತೇನೆ.
ಎರಡೂ ಒಂದೇ ಲಡಿಯ ನೂಲು;
ನೇಕಾರರ ಮನೆಯಲ್ಲಿ ಹುಟ್ಟಿದ ನನಗೂ ಬೇರೆಮಾಡಲು ಬಾರದು.

ಬಾವಿಕಟ್ಟೆಯ ಮೇಲೆ ಕೂತು ನೀರು ಬೇಡಿದವನು ನೀನು.
ಮೊಳೆಗಳಿಗೆ ಜೋತು ತೂಗುವಾಗಲೂ ಬಾಯಾರಿತ್ತು ನಿನಗೆ,
ಸಿಕ್ಕದ್ದು ಹುಳಿ.
ಊರಲ್ಲಿ ನಂಬಿದ್ದೆ ಮಳೆಯ ಒಡೆಯನನ್ನು.
ಇಲ್ಲಿ ನಂಬುತ್ತಿರುವುದು
ಒಣ ತುಟಿಯವನನ್ನು.

ಈಗ ನಸುಕು. ನಮಾಜಿಗೆ ಮುನ್ನ ಶಹೀದುಲ್
ನನ್ನ ಟ್ಯಾಂಕರಿನ ನಲ್ಲಿ ತಿರುಗಿಸಿದ.
ತಳದ ನೀರು, ಬೆಚ್ಚಗೆ, ತುಕ್ಕಿನ ವಾಸನೆ.
ಕೈಕಾಲು ತೊಳೆದು, ಒಂದು ಬೊಗಸೆ ನನಗೂ ಉಳಿಸಿದ.
ಮುಖಕ್ಕೆ ಹಾಕಿಕೊಂಡೆ. ಮುಗಿಯಿತು.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ.
ಖಾಲಿ ಕೊಡದ ಮಾತು ಯಾರೂ ಹೇಳಿದ್ದು ನೆನಪಿಲ್ಲ.
ಬೆರಳ ಗೆಣ್ಣಿನಿಂದ ಟ್ಯಾಂಕಿನ ಹೊಟ್ಟೆಗೆ ಬಡಿದೆ,
ಸುಮ್ಮನೆ, ಹನಿಯಾದರೂ ಇದೆಯೇ ಎಂದು.
ಠಣ್ ಎಂದಿತು.
ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳದ ಸದ್ದು,
ಬೆಟಗೇರಿಯ ಗಂಟೆಗಿಂತ ಒರಟು.
ಮಾಳಿಗೆಯ ಮೇಲೆ ಮಲಗಿದ್ದವರು
ಒಬ್ಬೊಬ್ಬರಾಗಿ ಎದ್ದು ಕೂತರು.